ಕೊಕೊಮೊ, ಎಲ್ಡೋರಾ, ಆಂಡರ್ಸನ್, ಮನೆಯ ಟಿವಿ: ಸ್ಪ್ರಿಂಟ್ ಕಾರ್ ರೇಸ್‌ಗೆ ದುಡ್ಡು ಹಾಕುವುದಾದರೆ ಎಲ್ಲಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಂಡಿಯಾನಾದ ಕೊಕೊಮೊ ಟ್ರ್ಯಾಕ್‌ಗೆ. ಇಂಡಿಯಾನಾಪೊಲಿಸ್‌ನಲ್ಲಿರುವ ನಮ್ಮವರು ಮೇ ತಿಂಗಳಲ್ಲಿ ಇಂಡಿ 500 ನೋಡಿ ಬರುತ್ತಾರೆ. ಇಲ್ಲಿ ರೇಸ್ ಅಂದರೆ ಅಷ್ಟೇ ಅಂದುಕೊಳ್ಳುತ್ತಾರೆ. ಆದರೆ ಒಂದೆರಡು ಗಂಟೆ ದೂರದ ಸಣ್ಣ ಸಣ್ಣ ಓವಲ್ ಟ್ರ್ಯಾಕ್‌ಗಳಲ್ಲಿ ಬೇಸಿಗೆ ಪೂರ್ತಿ ಸ್ಪ್ರಿಂಟ್ ಕಾರುಗಳು ಓಡುತ್ತವೆ. ನಾಲ್ಕೂ ಚಕ್ರ ಹೊರಗೇ ಇರುವ, ಒಬ್ಬರೇ ಕೂರುವ ಕಾರುಗಳು. ಈ ವರ್ಷ ರೇಸ್‌ಗೆಂದು ಎತ್ತಿಟ್ಟ ದುಡ್ಡಲ್ಲಿ ರೆಕ್ಕೆಯ ಕಾರು (ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಅಗಲ ಹಲಗೆ ಮೇಲಿರುವುದು), ರೆಕ್ಕೆ ಇಲ್ಲದ ಕಾರು, ಮಣ್ಣು, ಡಾಂಬರು, ಸ್ಟ್ರೀಮಿಂಗ್ ಎಲ್ಲವನ್ನೂ ನೋಡಿದೆ.

ತಲೆನೋವು ಕೊಟ್ಟಿದ್ದು ಸ್ಟ್ರೀಮಿಂಗ್. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ತಿಂಗಳ ದರ ಇತ್ತು. ಕಾರ್ಡ್‌ನಿಂದ ಹೋಗಿದ್ದು ಇಡೀ ವರ್ಷದ ದುಡ್ಡು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಈಮೇಲ್‌ಗೆ ಬಂದ ಉತ್ತರದಲ್ಲಿ, ದುಡ್ಡು ವಾಪಸ್ ಕೊಡುವುದಿಲ್ಲ, ಬೇಕಾದರೆ ಮುಂದಿನ ವರ್ಷ ತಾನಾಗಿಯೇ ಕಟ್ ಆಗುವುದನ್ನು ನಿಲ್ಲಿಸಿಕೊಳ್ಳಿ ಅಂತಿತ್ತು. ಅದನ್ನು ನಿಲ್ಲಿಸುವ ಬಟನ್ ಆ್ಯಪ್‌ನಲ್ಲಿ ಇರಲೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಿ, ಮೂರ್ನಾಲ್ಕು ಪುಟ ದಾಟಿದ ಮೇಲೆ ಸಿಕ್ಕಿತು.

ಹೋಗಲಿ, ದುಡ್ಡು ಕೊಟ್ಟಾಯಿತು, ನೋಡೋಣ ಅಂತ ಕೂತರೆ ನನಗೆ ಬೇಕಾದ ರೇಸ್ ಇನ್ನೊಂದು ಕಂಪನಿಯ ಬಳಿ. ಪ್ರಸಾರದ ಹಕ್ಕು ಹಂಚಿಹೋಗಿದೆ. ಒಂದು ಸರಣಿ ಇಲ್ಲಿ, ಇನ್ನೊಂದು ಅಲ್ಲಿ. ಎರಡೂ ಬೇಕಂದರೆ ಎರಡು ಕಡೆ ಕಟ್ಟಬೇಕು. ಮಳೆ ಬಂದು ರೇಸ್ ತಡವಾದರೆ ಗಂಟೆಗಟ್ಟಲೆ ಖಾಲಿ ಟ್ರ್ಯಾಕ್ ನೋಡುತ್ತಾ ಕೂರಬೇಕು. ಅಂತಿಮ ರೇಸ್ ಶುರುವಾಗುವ ಹೊತ್ತಿಗೆ ಮಧ್ಯರಾತ್ರಿ. ಅದಕ್ಕಿಂತ ಬೇಜಾರಾಗಿದ್ದು ಕ್ಯಾಮೆರಾದಿಂದ. ಮುಂದಿರುವ ಕಾರನ್ನೇ ಹಿಡಿದುಕೊಂಡಿರುತ್ತದೆ. ಫೈನಲ್‌ಗೆ ಯಾರು ಅಂತ ಆರಿಸುವ ಸಣ್ಣ ರೇಸ್‌ನಲ್ಲಿ, ಅಂದರೆ ಹೀಟ್ ರೇಸ್‌ನಲ್ಲಿ, ನಿಜವಾದ ಜಗಳ ನಡೆಯುವುದು ಹಿಂದೆ, ನೇರವಾಗಿ ಫೈನಲ್‌ಗೆ ಹೋಗುವ ಕೊನೆಯ ಜಾಗಕ್ಕೆ. ಅದು ಟಿವಿಯಲ್ಲಿ ಕಾಣುವುದೇ ಇಲ್ಲ.

ಹಾಗಂತ ಸ್ಟ್ರೀಮಿಂಗ್ ಬೇಡ ಅಂತ ನಾನು ಹೇಳುವುದಿಲ್ಲ. ಈ ಆಟಕ್ಕೆ ಈಗ ಬರುತ್ತಿರುವ ಹೊಸ ದುಡ್ಡಲ್ಲಿ ಅದರ ಪಾಲು ದೊಡ್ಡದು. 1978ರಿಂದ ವರ್ಲ್ಡ್ ಆಫ್ ಔಟ್‌ಲಾಸ್ ಸರಣಿಯೇ ರೆಕ್ಕೆ ಕಾರುಗಳ ದೊಡ್ಡಣ್ಣ. ಹೆಸರಾಂತ ರೇಸ್ ಚಾಲಕ ಕೈಲ್ ಲಾರ್ಸನ್ ಮತ್ತು ಅವರ ಹೆಂಡತಿಯ ಅಣ್ಣ ಬ್ರಾಡ್ ಸ್ವೀಟ್ ಸೇರಿ ಹೈ ಲಿಮಿಟ್ ಅನ್ನುವ ಸರಣಿ ಶುರು ಮಾಡಿದರು. 2023ರಲ್ಲಿ ಅದು ವಾರದ ನಡುವಿನ ರೇಸ್‌ಗಳಿಗಷ್ಟೇ ಇತ್ತು. 2024ಕ್ಕೆ ದೇಶ ಸುತ್ತುವ ಪೂರ್ತಿ ಸರಣಿಯಾಯಿತು. ಪೈಪೋಟಿ ಬಂದಾಗ ಬಹುಮಾನದ ಮೊತ್ತ ಏರುತ್ತದೆ, ಚಾಲಕರಿಗೆ ಒಳ್ಳೆಯದು. ಆದರೆ ದೊಡ್ಡ ಟ್ರಕ್ಕಿನಲ್ಲಿ ಬರುವ ತಂಡಗಳ ಜೊತೆ, ವಾರವೆಲ್ಲ ಗ್ಯಾರೇಜಿನಲ್ಲಿ ದುಡಿದು ಶನಿವಾರ ಕಾರು ಓಡಿಸುವ ಊರಿನ ಹುಡುಗ ಎಷ್ಟು ದಿನ ಸೆಣಸಬಹುದು? ನನ್ನ ಚಿಂತೆ ಅದೇ.

ಎಲ್ಡೋರಾಗೆ ಬರೋಣ. ಒಹಾಯೊ ಗಡಿ ದಾಟಿದರೆ ಸಿಗುವ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್. 1954ರಲ್ಲಿ ಅರ್ಲ್ ಬಾಲ್ಟಿಸ್ ಕಟ್ಟಿದ್ದು, 2004ರಿಂದ ಹೆಸರಾಂತ ರೇಸ್ ಚಾಲಕ ಟೋನಿ ಸ್ಟುವರ್ಟ್ ಅವರದು. ಕಾರಿನ ಮೇಲೆ 25 ಚದರ ಅಡಿಯ ರೆಕ್ಕೆ, ಒಳಗೆ ಸುಮಾರು 900 ಅಶ್ವಶಕ್ತಿಯ ಎಂಜಿನ್. ಆ ಸದ್ದು ಎದೆಗೆ ಬಂದು ಬಡಿಯುತ್ತದೆ. 2023ರಲ್ಲಿ ಇಲ್ಲಿ ಒಂದೇ ರಾತ್ರಿಯ ರೇಸ್ ಗೆದ್ದ ಲೋಗನ್ ಶುಕಾರ್ಟ್‌ಗೆ ಹತ್ತು ಲಕ್ಷ ಡಾಲರ್ ದಾಟಿದ ಬಹುಮಾನ ಸಿಕ್ಕಿತು. ವೇಗವೇ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ನನಗೆ ಮಾತ್ರ ಖರ್ಚು ಜಾಸ್ತಿ ಅನಿಸಿತು. ದೊಡ್ಡ ರೇಸ್‌ನ ಟಿಕೆಟ್ ದುಬಾರಿ, ರಾತ್ರಿ ತಂಗಬೇಕು, ಹತ್ತಿರದ ಹೋಟೆಲ್‌ಗಳೆಲ್ಲ ಮೊದಲೇ ತುಂಬಿರುತ್ತವೆ.

ಆಂಡರ್ಸನ್ ಡಾಂಬರು ಟ್ರ್ಯಾಕ್. ಇಲ್ಲಿನ ಲಿಟಲ್ 500 ನೋಡದೆ ಇಂಡಿಯಾನಾದಲ್ಲಿ ಇದ್ದು ಏನು ಪ್ರಯೋಜನ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಾಲು ಮೈಲಿಯ ಟ್ರ್ಯಾಕ್, 33 ಕಾರು, ಸಾಲಿಗೆ ಮೂರರಂತೆ 11 ಸಾಲು, 500 ಲ್ಯಾಪ್. 1949ರಿಂದ ಬಂದ ಪದ್ಧತಿ. ಅಷ್ಟು ಇಕ್ಕಟ್ಟಿನಲ್ಲಿ, ರೇಸ್ ನಡುವೆ ಪಕ್ಕಕ್ಕೆ ಬಂದು ಇಂಧನ, ಟೈರ್ ಹಾಕಿಸಿಕೊಳ್ಳುವ ಪಿಟ್ ಸ್ಟಾಪ್ ಕೂಡ ಇದೆ! ಆದರೆ ವರ್ಷಕ್ಕೆ ಒಂದೇ ರಾತ್ರಿ. ಉಳಿದ ದಿನ ಡಾಂಬರಿನ ಮೇಲೆ ಸ್ಪ್ರಿಂಟ್ ಕಾರುಗಳು ಕಡಿಮೆ. ಮಣ್ಣಿಗೆ ಮಾಡಿದ ಕಾರನ್ನು ಡಾಂಬರಿಗೆ ತಂದರೆ ಗೆಲ್ಲಲು ಆಗುವುದಿಲ್ಲ. ಅದಕ್ಕೆ ಬೇರೆ ಚಾಸಿಸ್, ಅಂದರೆ ಕಾರಿನ ಚೌಕಟ್ಟೇ ಬೇರೆ ಬೇಕು. ಕೈಬೆರಳಲ್ಲಿ ಎಣಿಸುವಷ್ಟು ರೇಸ್‌ಗಾಗಿ ಇನ್ನೊಂದು ಕಾರು ಯಾರು ಕಟ್ಟುತ್ತಾರೆ ಹೇಳಿ? ಟೋನಿ ಸ್ಟುವರ್ಟ್, ಜೆಫ್ ಗಾರ್ಡನ್ ಬೆಳೆದ ಕಾಲದಲ್ಲಿ ಇಂಡಿಯಾನಾಪೊಲಿಸ್ ರೇಸ್‌ವೇ ಪಾರ್ಕ್‌ನ ಡಾಂಬರು ರೇಸ್‌ಗಳು ಗುರುವಾರ ರಾತ್ರಿ ಟಿವಿಯಲ್ಲಿ ನೇರವಾಗಿ ಬರುತ್ತಿದ್ದವು. ಅಲ್ಲಿ ಮಿಂಚಿದರೆ ದೊಡ್ಡ ತಂಡಗಳ ಕಣ್ಣಿಗೆ ಬೀಳುತ್ತಿದ್ದರು. ಈಗ ಲಾರ್ಸನ್, ಕ್ರಿಸ್ಟೋಫರ್ ಬೆಲ್ ಥರದವರು ಬಂದಿದ್ದು ಮಣ್ಣಿನಿಂದ. ಡಾಂಬರಿನ ಈ ಸ್ಥಿತಿ ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನು ಕೊಕೊಮೊ. 1947ರ ಮಣ್ಣಿನ ಟ್ರ್ಯಾಕ್, ಯು-ಸ್ಯಾಕ್ ಅನ್ನುವ ಅಮೆರಿಕದ ರೇಸ್ ಸಂಸ್ಥೆಯ ಸರಣಿಯ ರೆಕ್ಕೆ ಇಲ್ಲದ ಕಾರುಗಳು. ಈ ಕಾರುಗಳಲ್ಲಿ ಸ್ಟಾರ್ಟರ್ ಇಲ್ಲ, ಕ್ಲಚ್ ಇಲ್ಲ. ಹಿಂದಿನಿಂದ ಟ್ರಕ್ ತಳ್ಳಿದರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಒತ್ತಿ ಹಿಡಿಯುವ ರೆಕ್ಕೆ ಇಲ್ಲದ್ದರಿಂದ ತಿರುವಿಗೆ ಅಡ್ಡಡ್ಡ ಜಾರುತ್ತಾ ಹೋಗುತ್ತವೆ, ಸ್ಟೀರಿಂಗ್ ಇರುವುದು ತಿರುವಿನ ಉಲ್ಟಾ ದಿಕ್ಕಿಗೆ. ರೇಸ್ ನಡೆದಂತೆ ಚಕ್ರಗಳು ಎಸೆದ ಮಣ್ಣು ಹೊರ ಅಂಚಿನಲ್ಲಿ ಗದ್ದೆಯ ಬದುವಿನ ಹಾಗೆ ಏಳುತ್ತದೆ. ಇವರು ಅದನ್ನು ಕುಶನ್ ಅನ್ನುತ್ತಾರೆ. ಬಲ ಹಿಂಚಕ್ರವನ್ನು ಅದಕ್ಕೆ ಆನಿಸಿ ಹೋದವರಿಗೆ ವೇಗ ಸಿಗುತ್ತದೆ. ಒಂದು ಗೇಣು ಮೇಲೆ ಹೋದರೆ ಕಾರು ಪಲ್ಟಿ. ಒಳಗಿನ ದಾರಿಯಲ್ಲಿ ಬಂದವರು ಹೊರಗಿನವರ ಮುಂದೆ ಜಾರಿ ದಾರಿಗೆ ಅಡ್ಡ ಬರುತ್ತಾರೆ, ಹೊರಗಿನವರು ಕೆಳಗೆ ತಿರುಗಿಸಿ ಜಾಗ ವಾಪಸ್ ಕಿತ್ತುಕೊಳ್ಳುತ್ತಾರೆ. ಎಲ್ಲಿ ಕೂತರೂ ಪೂರ್ತಿ ಟ್ರ್ಯಾಕ್ ಕಾಣುತ್ತದೆ, ಹಾಗಾಗಿ ಹತ್ತನೇ ಸ್ಥಾನದ ಜಗಳವೂ ನನ್ನದೇ. ರೇಸ್ ಮುಗಿದ ಮೇಲೆ ಪಿಟ್‌ಗೆ ಹೋಗಿ ಚಾಲಕರನ್ನು ಮಾತಾಡಿಸಬಹುದು.

ಧೂಳು ಇದೆ. ಕನ್ನಡಕ ಹಾಕಿಕೊಳ್ಳಿ, ಮೇಲಿನ ಸಾಲಲ್ಲಿ ಕೂರಿ.

ಕೊಕೊಮೊಗೂ ಕಷ್ಟ ಇಲ್ಲದಿಲ್ಲ. 410 ಕ್ಯೂಬಿಕ್ ಇಂಚಿನ ಒಳ್ಳೆಯ ಎಂಜಿನ್ ಒಂದಕ್ಕೇ ಹತ್ತಾರು ಸಾವಿರ ಡಾಲರ್ ಬೇಕು. 2022ರಲ್ಲಿ ಟೈರ್ ಸಿಗದೆ ಎಲ್ಲ ಕಡೆ ಪರದಾಟವಾಗಿತ್ತು. ಊರು ಬೆಳೆದು ಜಾಗದ ಬೆಲೆ ಏರಿದರೆ ಹಳೆಯ ಹೆಸರೂ ಟ್ರ್ಯಾಕನ್ನು ಉಳಿಸುವುದಿಲ್ಲ. ಲಾಸ್ ಏಂಜಲೀಸ್ ಹತ್ತಿರದ ಆಸ್ಕಟ್ ಪಾರ್ಕ್ 1990ರಲ್ಲಿ ಮುಚ್ಚಿತು, ಫೀನಿಕ್ಸ್‌ನ ಮ್ಯಾಂಜನೀಟಾ 2009ರಲ್ಲಿ. 360, 305 ಇಂಚಿನ ಅಗ್ಗದ ಎಂಜಿನ್‌ಗಳ ವರ್ಗಗಳು ಇನ್ನಷ್ಟು ಬೆಳೆಯಬೇಕು, ಆಗ ಹೊಸ ಹುಡುಗರಿಗೆ ಬಾಗಿಲು ತೆರೆಯುತ್ತದೆ. ಅದರ ಜೊತೆಗೆ ಗೇಟಿನಲ್ಲಿ ಟಿಕೆಟ್ ಮಾರಾಟವಾಗಬೇಕು. ದೂರದ ಸರಣಿ ವರ್ಷಕ್ಕೆ ಕೆಲವು ಸಲ ಬಂದು ಹೋಗುತ್ತದೆ, ಉಳಿದ ರಾತ್ರಿಗಳಿಗೆ ದೀಪದ ಬಿಲ್ಲು ಕಟ್ಟುವುದು ಊರಿನ ಜನ.

ಹಾಗಾಗಿ ಮುಂದಿನ ವರ್ಷಕ್ಕೆ ಸ್ಟ್ರೀಮಿಂಗ್ ನಿಲ್ಲಿಸಿದ್ದೇನೆ. ಆ ದುಡ್ಡು ಜುಲೈನಲ್ಲಿ ರಾಜ್ಯದ ಹಲವು ಟ್ರ್ಯಾಕ್‌ಗಳಲ್ಲಿ ನಡೆಯುವ ಇಂಡಿಯಾನಾ ಸ್ಪ್ರಿಂಟ್ ವೀಕ್‌ನ ಕೊಕೊಮೊ ರಾತ್ರಿಗೆ, ಆಮೇಲೆ ಸಾಮಾನ್ಯ ವಾರಗಳ ಟಿಕೆಟ್‌ಗೆ. ಮೇನಲ್ಲಿ ಆಂಡರ್ಸನ್ ಖಂಡಿತ. ಎಲ್ಡೋರಾಗೆ, ರೂಮಿನ ಬಾಡಿಗೆ ಹಂಚಿಕೊಳ್ಳುವ ಗೆಳೆಯರು ಸಿಕ್ಕರೆ ಹೊರಡುತ್ತೇನೆ. ನೀವು ಚಿಕ್ಕ ಮಕ್ಕಳಿರುವ ಮನೆಯವರಾದರೆ, ರಾತ್ರಿ ಹೊರಗೆ ಹೋಗುವುದು ಕಷ್ಟವಾದರೆ, ಸ್ಟ್ರೀಮಿಂಗ್ ತೆಗೆದುಕೊಳ್ಳಿ, ತಪ್ಪಿಲ್ಲ. ದುಡ್ಡು ಕಟ್ಟುವ ಮೊದಲು ತಿಂಗಳ ದರವೋ ವರ್ಷದ್ದೋ ಅಂತ ಮಾತ್ರ ನೋಡಿಕೊಳ್ಳಿ.