ಬಾಯ್ಲ್ ಹೈಟ್ಸ್ ಕಡೆ ಲ್ಯಾಟಿನೋ ಯೂತ್ ಕೌನ್ಸೆಲಿಂಗ್ ಗ್ರೂಪ್: ಹೋಗಬಹುದು, ಆದ್ರೆ ಸ್ಪ್ಯಾನಿಷ್ ಬರದವ್ರು ಸ್ವಲ್ಪ ಯೋಚ್ನೆ ಮಾಡಿ

ಐದಕ್ಕೆ ನಾಲ್ಕು ಸ್ಟಾರ್. ಹೆಸರು ಹಾಕ್ತಿಲ್ಲ, ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್ ಹತ್ರ ಇರೋ ಒಂದು ಸಣ್ಣ ಕಮ್ಯುನಿಟಿ ಕ್ಲಿನಿಕ್ಕು, 18ರಿಂದ 25 ವಯಸ್ಸಿನ ಲ್ಯಾಟಿನೋ (ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದ) ಹುಡುಗ್ರು ಹುಡುಗೀರಿಗೆ ಅಂತಲೇ ವಾರಕ್ಕೊಂದು ಸಂಜೆ ಗ್ರೂಪ್ ನಡೆಸ್ತಾರೆ. ನನ್ನ ಗಂಡನ ಮನೆಯವ್ರು ಮೆಕ್ಸಿಕೋದ ಹಾಲಿಸ್ಕೋ ಕಡೆಯವ್ರು, ನಾದಿನಿ ಮಾತ್ರ ಇಲ್ಲೇ ಹುಟ್ಟಿ ಬೆಳೆದವ್ಳು, ಹೋಗ್ತಿರೋದು ಅವಳು. ಫ್ಯಾಮಿಲಿ ಸೆಷನ್‌ಗೆ ಅತ್ತೆ ಜೊತೆ ನಾನೂ ಹೋಗಿದ್ದೆ. ಅವಳನ್ನ ಕೇಳ್ಕೊಂಡೇ ಬರೀತಿದ್ದೀನಿ.

ಇದಕ್ಕೂ ಮುಂಚೆ ಬೇರೆ ಒಬ್ರು ಕೌನ್ಸೆಲರ್ ಹತ್ರ ಹೋಗಿದ್ಲು, ಅವ್ರದ್ದು ಎಲ್ಲಾದಕ್ಕೂ ಒಂದೇ ರಾಗ, ಬೌಂಡರಿ ಹಾಕು (ಮನೆಯವ್ರಿಗೆ ಒಂದು ಮಿತಿ ಇಡು), ಬೇರೆ ಮನೆ ಮಾಡು ಅಂತ. ಅತ್ತೆಗೆ ಇಂಗ್ಲಿಷ್ ಬರಲ್ಲ, ಡಾಕ್ಟರ್ ಹತ್ರ ಆಗ್ಲಿ, ಬ್ಯಾಂಕಲ್ಲಾಗ್ಲಿ, ಟ್ಯಾಕ್ಸ್‌ನವ್ರ ಲೆಟರ್ ಬಂದ್ರಾಗ್ಲಿ ಸ್ಕೂಲಿಗೆ ಹೋಗೋ ವಯಸ್ಸಿಂದ ಇವಳೇ ಟ್ರಾನ್ಸ್‌ಲೇಟ್ ಮಾಡ್ಕೊಂಡು ಬಂದಿರೋದು, ಅಂಥವ್ಳಿಗೆ ಮನೆ ಬಿಟ್ಟು ಹೋಗಮ್ಮಾ ಅಂದ್ರೆ ಅದೆಂಥಾ ಸಲಹೆ ಹೇಳಿ. ಈ ಗ್ರೂಪಲ್ಲಿ ಹಾಗೆ ಮಾಡ್ಲಿಲ್ಲ. ಮನೆಯವ್ರಿಗೋಸ್ಕರ ಮಾಡೋ ಕೆಲಸದಲ್ಲಿ ಯಾವುದು ಖುಷಿ ಕೊಡತ್ತೆ, ಯಾವುದು ಎದೆ ಹಿಂಡತ್ತೆ ಅಂತ ಕೇಳಿದ್ರಂತೆ. ಮೆಡಿಕಲ್ ಸ್ಟೋರು ಬ್ಯಾಂಕು ಎಲ್ಲಾ ಓಕೆ, ಒಂಥರಾ ಹೆಮ್ಮೇನೇ, ಆದ್ರೆ ಅಮ್ಮನ ಕೆಟ್ಟ ರಿಪೋರ್ಟನ್ನ ಡಾಕ್ಟರ್ ಬಾಯಿಂದ ಕೇಳಿ ನಾನೇ ಅಮ್ಮಂಗೆ ಹೇಳ್ಬೇಕಲ್ಲ ಅದು ಆಗಲ್ಲ ಅಂದ್ಲಂತೆ. ಆಗ ಅವ್ರು ಹೇಳಿದ್ದು, ಫೆಡರಲ್ (ಕೇಂದ್ರ) ಸರ್ಕಾರದ ದುಡ್ಡು ತಗೊಳ್ಳೋ ಆಸ್ಪತ್ರೆಗಳು ಫ್ರೀಯಾಗಿ ಇಂಟರ್‌ಪ್ರಿಟರ್ ಕೊಡ್ಲೇಬೇಕು, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಮೊದ್ಲೇ ಫೋನ್ ಮಾಡಿ ಕೇಳು ಅಂತ. ಕೇಳಿದ್ಲು, ಕೊಟ್ರು. ಈಗ ಅಮ್ಮನ ಪಕ್ಕ ಬರೀ ಮಗಳಾಗಿ ಕೂತ್ಕೋತಾಳೆ. ನನ್ ಪ್ರಕಾರ ಕೊಟ್ಟ ದುಡ್ಡು ಇದೊಂದಕ್ಕೇ ವಸೂಲಾಯ್ತು.

ಫ್ಯಾಮಿಲಿ ಸೆಷನಲ್ಲಿ ವೆರೋನಿಕಾ ಬೆನೆಟ್-ಮಾರ್ಟಿನೆಜ್ ಅನ್ನೋ ಸೈಕಾಲಜಿಸ್ಟ್ ಮಾಡಿರೋ ರಿಸರ್ಚ್ ಬಗ್ಗೆ ಗ್ರೂಪ್ ನಡೆಸೋರು ಸ್ವಲ್ಪ ಹೇಳಿದ್ರು. ನೀನು ಎಷ್ಟು ಮೆಕ್ಸಿಕನ್ ಎಷ್ಟು ಅಮೆರಿಕನ್ ಅನ್ನೋದನ್ನ ಬಿಟ್ಟು, ಒಳಗೆ ಅವೆರಡೂ ಜಗಳ ಆಡ್ತಿವೆಯಾ ಹೊಂದ್ಕೊಂಡಿವೆಯಾ ಅಂತ ಅವ್ರು ನೋಡ್ತಾರಂತೆ. ಅವ್ರೂ ನುಯೆನ್ ಅನ್ನೋರೂ ಸೇರಿ 2013ರಲ್ಲಿ 83 ಸ್ಟಡಿ, 23 ಸಾವಿರಕ್ಕೂ ಜಾಸ್ತಿ ಜನರ ಡೇಟಾ ಒಟ್ಟು ಹಾಕಿ ನೋಡಿದಾಗ, ಎರಡೂ ಸಂಸ್ಕೃತಿ ಇಟ್ಕೊಂಡೋರು ಒಂದನ್ನೇ ಹಿಡ್ಕೊಂಡೋರಿಗಿಂತ ಚೆನ್ನಾಗಿದಾರೆ ಅಂತ ಬಂತು. (ನೆಮ್ಮದಿಯಾಗಿರೋರಿಗೇ ಎರಡನ್ನೂ ನಿಭಾಯಿಸೋದು ಸುಲಭ ಇರಬಹುದು ಅನ್ನೋ ಡೌಟು ನಂಗಿದೆ, ಇರಲಿ.) ಅತ್ತೆ ಮಾತ್ರ ಇದನ್ನ ಕೇಳಿ, ಹಾಗಾದ್ರೆ ಇವಳು ನಮ್ಮನ್ನ ಬಿಟ್ಟು ಹೋಗ್ತಿಲ್ಲ ತಾನೆ ಅಂದ್ರು.

ಸ್ಟಾರ್ ಕಟ್ ಮಾಡಿದ್ದು ಇದಕ್ಕೆ. ಗ್ರೂಪಲ್ಲಿ ಅರ್ಧ ಮಾತು ಸ್ಪ್ಯಾನಿಷಲ್ಲೇ ಹೋಗತ್ತೆ, ಬರದವ್ರು ಸುಮ್ನೆ ಕೂತ್ಕೋತಾರೆ. ಒಬ್ಬ ಹುಡುಗನ ಸ್ಪ್ಯಾನಿಷ್ ಕೇಳಿ ಉಳಿದವ್ರು ಆಡ್ಕೊಂಡು ನಕ್ಕಾಗ ನಡೆಸೋರೂ ಜೊತೆಗೆ ನಕ್ರಂತೆ, ಆಮೇಲೆ ಅವ್ನು ಬರ್ಲೇ ಇಲ್ಲ. ಪ್ಯೂ ರಿಸರ್ಚ್ ಅನ್ನೋ ಅಮೆರಿಕದ ಸರ್ವೇ ಸಂಸ್ಥೆಯವ್ರು 2023ರಲ್ಲಿ ಹೊರತಂದ ರಿಪೋರ್ಟಲ್ಲಿ, ಸ್ಪ್ಯಾನಿಷ್ ಅಷ್ಟಾಗಿ ಬರದ ಲ್ಯಾಟಿನೋಗಳಲ್ಲಿ 54% ಜನ ಬೇರೆ ಲ್ಯಾಟಿನೋಗಳೇ ನಮ್ಗೆ ಬೇಜಾರು ಮಾಡಿದಾರೆ ಅಂದಿದಾರೆ. ಹೊರಗೆ ಆಗೋದೇ ಇಲ್ಲೂ ಆದ್ರೆ ಇಂಥ ಜಾಗ ಯಾಕ್ ಬೇಕು? ಒಬ್ಬೊಬ್ರಿಗೇ ಮಾಡೋ ಸೆಷನ್‌ಗೆ ತಿಂಗಳುಗಟ್ಲೆ ವೇಟಿಂಗ್ ಬೇರೆ. ಪಾರ್ಕಿಂಗ್ ಕೇಳ್ಲೇಬೇಡಿ.

ಫೀಸು ಆದಾಯ ನೋಡಿ ಕಮ್ಮಿ ಮಾಡ್ತಾರೆ. 26 ವರ್ಷದವರೆಗೂ ಅಪ್ಪ ಅಮ್ಮನ ಇನ್ಶೂರೆನ್ಸಲ್ಲಿ ಇರಬಹುದು, ಆದ್ರೆ ಎಲ್ಲಿ ಹೋದ್ವಿ ಅನ್ನೋ ಲೆಟರ್ ಮನೆಗೆ ಬರತ್ತಲ್ಲ, ಅದಕ್ಕೇ ಎಷ್ಟೋ ಹುಡುಗ್ರು ಹೋಗೋದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ ಅದನ್ನ ಬೇರೆ ಅಡ್ರೆಸ್‌ಗೋ ಈಮೇಲ್‌ಗೋ ಕಳ್ಸಿ ಅಂತ ಇನ್ಶೂರೆನ್ಸ್‌ನವ್ರಿಗೆ ಹೇಳಬಹುದು. ಇನ್ನೊಂದು, ಈ ಗ್ರೂಪು ಅರ್ಜೆಂಟ್ ಕಷ್ಟಕ್ಕಲ್ಲ. ಜೀವ ಬೇಡ ಅನ್ನೋ ಯೋಚ್ನೆ ಬಂದಿದ್ರೆ ಮೀಟಿಂಗ್ ದಿನಕ್ಕೆ ಕಾಯ್ಬೇಡಿ, 988ಕ್ಕೆ (ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ) ಫೋನ್ ಮಾಡಿ, ಸ್ಪ್ಯಾನಿಷ್ ಬೇಕಂದ್ರೆ 2 ಒತ್ತಿ.