ಡಿಎಂಆರ್, ಡಿ-ಸ್ಟಾರ್, ಫ್ಯೂಷನ್, ಎಂ17: ನಾಲ್ಕನ್ನೂ ಬಳಸಿದ ಮೇಲೆ ನನ್ನ ಓಟು ಯಾವುದಕ್ಕೆ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಂ17ಗೆ. ಹ್ಯಾಮ್ ರೇಡಿಯೋದಲ್ಲಿ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೋದಲ್ಲಿ, ಡಿಜಿಟಲ್ ಆಗಿ ಮಾತಾಡಲು ಇರುವ ಈ ನಾಲ್ಕು ಪದ್ಧತಿಗಳಲ್ಲಿ ಜನ ತೀರಾ ಕಡಿಮೆ ಇರುವುದು ಅದರಲ್ಲೇ. ಅದು ಗೊತ್ತಿದ್ದೂ ಈ ಮಾತು ಹೇಳುತ್ತಿದ್ದೇನೆ. ಇದಕ್ಕೆ ಅರ್ಧ ಕಾರಣ ಕೋಡೆಕ್ (ದನಿಯನ್ನು ಡಿಜಿಟಲ್ ಮಾಡುವ ವಿಧಾನ), ಇನ್ನರ್ಧ ಕಾರಣ ನನ್ನ ಮೇಜಿನ ಮೇಲಿರುವ ಸ್ಪೀಕರ್. ತಲೆ ತಿಂದದ್ದು ಸ್ಪೀಕರ್, ಹಾಗಾಗಿ ಮೊದಲು ಅದರ ಕತೆ.

ನಾನು ಕೊಂಡ ಮೊದಲ ಡಿಜಿಟಲ್ ಸೆಟ್ಟು ಡಿಎಂಆರ್ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್ಟು. ದುಡ್ಡು ನೋಡಿಯೇ ಕೊಂಡದ್ದು. ಡಿಎಂಆರ್ ಯಾವುದೋ ಒಂದು ಕಂಪನಿಯ ಸ್ವತ್ತಲ್ಲ. ಯುರೋಪಿನ ಇಟಿಎಸ್‌ಐ ಸಂಸ್ಥೆ 2005ರಲ್ಲಿ ಹೊರತಂದ ಸ್ಟ್ಯಾಂಡರ್ಡ್ ಅದು, ಮುಖ್ಯವಾಗಿ ವ್ಯಾಪಾರದ ವಾಕಿಟಾಕಿಗಳಿಗಾಗಿ ಮಾಡಿದ್ದು. ತುಂಬಾ ಕಂಪನಿಗಳು ತಯಾರಿಸುವುದರಿಂದ ಸೆಟ್ಟುಗಳು ಅಗ್ಗ. ರಿಪೀಟರ್‌ಗಳೂ (ಸಿಗ್ನಲ್ ಹಿಡಿದು ದೂರಕ್ಕೆ ಮತ್ತೆ ಕಳಿಸುವ ಸ್ಟೇಷನ್‌ಗಳು) ಜಾಸ್ತಿ, ಯಾವ ಹೊತ್ತಿಗೆ ಕರೆದರೂ ಯಾರಾದರೂ ಸಿಗುತ್ತಾರೆ. ಅಷ್ಟರ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ತೊಂದರೆ ಶುರುವಾಗುವುದು ಪಿಟಿಟಿ (ಮಾತಾಡುವಾಗ ಒತ್ತಿ ಹಿಡಿಯುವ ಗುಂಡಿ) ಒತ್ತಿದಾಗ. ಕಂಪ್ಯೂಟರ್ ಪಕ್ಕದ ಸ್ಪೀಕರ್ "ಡರ್ರ್ರ್ರ್" ಅಂತ ಕೂಗಲು ಶುರುಮಾಡುತ್ತದೆ, ನಾನು ಬೆರಳು ತೆಗೆಯುವವರೆಗೂ ನಿಲ್ಲುವುದಿಲ್ಲ. ವಾಲ್ಯೂಮ್ ಪೂರ್ತಿ ಇಳಿಸಿ ನೋಡಿದೆ. ಸದ್ದು ಒಂಚೂರೂ ಕಮ್ಮಿಯಾಗಲಿಲ್ಲ! ಅಂದರೆ ರೇಡಿಯೋ ಅಲೆ ವಾಲ್ಯೂಮ್ ಗುಬ್ಬಿಯನ್ನು ದಾಟಿದ ಮೇಲೆ ಎಲ್ಲೋ ಒಳಗೆ ನುಗ್ಗುತ್ತಿದೆ. ಸ್ಪೀಕರ್ ವೈರೇ ಆಂಟೆನಾ ಆಗಿಬಿಟ್ಟಿದೆ, ಅಥವಾ ಪವರ್ ವೈರು.

ಮಜಾ ಅಂದರೆ, ಅದೇ ಹ್ಯಾಂಡಿಯಲ್ಲಿ ಅದೇ ಪವರ್ ಇಟ್ಟು ಸಾದಾ ಎಫ್‌ಎಂನಲ್ಲಿ ಮಾತಾಡಿದರೆ ಸ್ಪೀಕರ್ ಸುಮ್ಮನಿರುತ್ತದೆ. ಒತ್ತಿದಾಗ ಒಂದು "ಟಪ್", ಬಿಟ್ಟಾಗ ಇನ್ನೊಂದು "ಟಪ್", ಅಷ್ಟೇ. ವ್ಯತ್ಯಾಸ ಇರುವುದು ಡಿಎಂಆರ್ ಕೆಲಸ ಮಾಡುವ ರೀತಿಯಲ್ಲಿ. 12.5 ಕಿಲೋಹರ್ಟ್ಸ್‌ನ ಒಂದೇ ಚಾನೆಲ್‌ನಲ್ಲಿ ಎರಡು ಮಾತುಕತೆ ನಡೆಯಲಿ ಅಂತ ಅದು ಸಮಯವನ್ನು 30 ಮಿಲಿಸೆಕೆಂಡಿನ ಸ್ಲಾಟ್‌ಗಳಾಗಿ ಕತ್ತರಿಸುತ್ತದೆ. ಒಂದು ಸ್ಲಾಟ್ ನನಗೆ, ಮುಂದಿನದು ಬೇರೆಯವರಿಗೆ. ಹಾಗಾಗಿ ನನ್ನ ಹ್ಯಾಂಡಿಯ ಟ್ರಾನ್ಸ್‌ಮಿಟರ್ ಸೆಕೆಂಡಿಗೆ ಸುಮಾರು 17 ಸಲ ಹತ್ತಿ ಆರುತ್ತದೆ. ಸ್ಪೀಕರ್ ಒಳಗಿನ ಆಂಪ್ಲಿಫೈಯರ್‌ನ ಟ್ರಾನ್ಸಿಸ್ಟರ್‌ಗಳು ಈ ಏರಿಳಿತವನ್ನು ಡಯೋಡಿನ ಹಾಗೆ ಹಿಡಿದು ಆಡಿಯೋ ಮಾಡಿಬಿಡುತ್ತವೆ. ಎಫ್‌ಎಂನಲ್ಲಿ ಅಲೆಯ ಬಲ ಮೊದಲಿಂದ ಕೊನೆವರೆಗೆ ಒಂದೇ. ಏರಿಳಿತವೇ ಇಲ್ಲದ ಮೇಲೆ ಕೇಳಿಸುವುದೇನು?

ಹೀಗೆ ಹತ್ತಿ ಆರುವುದರಿಂದ ಲಾಭವೂ ಇದೆ ಅನ್ನಿ. ಟ್ರಾನ್ಸ್‌ಮಿಟರ್ ಅರ್ಧ ಹೊತ್ತು ಮಾತ್ರ ಉರಿಯುವುದರಿಂದ ಬ್ಯಾಟರಿ ಹೆಚ್ಚು ಬಾಳುತ್ತದೆ. ಆದರೆ ರಿಪೀಟರ್ ಇಲ್ಲದೆ ನೇರವಾಗಿ ಇನ್ನೊಂದು ಹ್ಯಾಂಡಿ ಜೊತೆ ಮಾತಾಡುವಾಗಲೂ ಸೆಟ್ಟು ಇದೇ ತರ ಮಿಡಿಯುತ್ತದೆ. ಪಕ್ಕದ ಸ್ಲಾಟ್‌ನಲ್ಲಿ ಯಾರೂ ಇರುವುದಿಲ್ಲ, ಆದರೂ ಡರ್ರ್ ತಪ್ಪುವುದಿಲ್ಲ.

ಪರಿಹಾರಕ್ಕೆ ಏನೇನೋ ಮಾಡಿದೆ. ಸ್ಪೀಕರ್ ವೈರಿಗೆ, ಆಂಪ್ಲಿಫೈಯರ್ ಕಡೆಯ ತುದಿಯಲ್ಲಿ, ಫೆರೈಟ್ ಕ್ಲಿಪ್ (ವೈರಿನಲ್ಲಿ ನುಗ್ಗುವ ರೇಡಿಯೋ ಅಲೆಯನ್ನು ತಡೆಯುವ ತುಂಡು) ಹಾಕಿದೆ. ಕೆಳಗಿನ ಬ್ಯಾಂಡ್ ವಿಎಚ್‌ಎಫ್‌ನಲ್ಲಿ ಚೆನ್ನಾಗಿ ಫಲ ಕೊಟ್ಟಿತು, ಮೇಲಿನ ಬ್ಯಾಂಡ್ ಯುಎಚ್‌ಎಫ್‌ನಲ್ಲಿ ಅಷ್ಟಕ್ಕಷ್ಟೇ. ಫೆರೈಟ್‌ನಲ್ಲೂ ಜಾತಿಗಳಿವೆ. ವಿಎಚ್‌ಎಫ್‌ಗೆ ಒಗ್ಗುವ 43ನೇ ನಂಬರಿನ ಮಿಶ್ರಣಕ್ಕಿಂತ 430 ಮೆಗಾಹರ್ಟ್ಸ್ ಸುತ್ತಮುತ್ತ 61ನೆಯದು ಮೇಲು. ಪೊಟ್ಟಣದ ಮೇಲೆ ಮಿಶ್ರಣದ ನಂಬರ್ ಇಲ್ಲದಿದ್ದರೆ ಕೊಳ್ಳಬೇಡಿ. ಹೆಚ್ಚುವರಿ ವೈರು ಸುತ್ತಿಟ್ಟಿದ್ದನ್ನು ಕತ್ತರಿಸಿ ಚಿಕ್ಕದು ಮಾಡಿದೆ, ಅದರಿಂದ ಸ್ವಲ್ಪ ಅನುಕೂಲವಾಯಿತು. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಪವರ್ ಇಳಿಸಿದ್ದು. 5 ವ್ಯಾಟ್‌ನಿಂದ 1ಕ್ಕೆ ಇಳಿಸಿದರೆ ಈ ಸದ್ದು ಲೆಕ್ಕದ ಪ್ರಕಾರ ಐದನೇ ಒಂದು ಭಾಗಕ್ಕೆ ಬರಬೇಕು. ಕಿವಿಗೂ ಹೆಚ್ಚುಕಡಿಮೆ ಹಾಗೇ ಅನ್ನಿಸಿತು. ಮೇಜಿನ ಮೇಲೆಯೇ ಹಾಟ್‌ಸ್ಪಾಟ್ (ಇಂಟರ್ನೆಟ್‌ಗೆ ಜೋಡಿಸಿದ ಪುಟ್ಟ ಸ್ವಂತ ರಿಪೀಟರ್) ಇರುವವರಿಗೆ 1 ವ್ಯಾಟೇ ಜಾಸ್ತಿ. ರಿಪೀಟರ್ ದೂರ ಇದ್ದರೆ ಈ ಉಪಾಯ ನಡೆಯುವುದಿಲ್ಲ. ತಪ್ಪು ಸರಿಯಾಗಿ ಶೀಲ್ಡ್ ಮಾಡದ ಸ್ಪೀಕರಿನದು, ರೇಡಿಯೋದ್ದಲ್ಲ ಅಂತ ವಾದಿಸಬಹುದು, ನಿಜವೇ. ಗೋಡೆಯಾಚೆಯವರ ಸ್ಪೀಕರ್ ಕೂಗಿದಾಗ ಅವರ ಬಾಗಿಲಲ್ಲಿ ನಿಂತು ಹಾಗೆ ಹೇಳಿ ನೋಡಿ.

ಕೊನೆಗೆ ಅದೇ ಹ್ಯಾಂಡಿಯನ್ನು ಬಿಚ್ಚಿ, ಬೋರ್ಡಿನ ಮೇಲೆ ಸಣ್ಣ ಬೆಸುಗೆ ಕೆಲಸ ಮಾಡಿ, ಓಪನ್‌ಆರ್‌ಟಿಎಕ್ಸ್ ಎಂಬ ಫರ್ಮ್‌ವೇರ್ (ಸೆಟ್ಟನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಹಾಕಿ ಎಂ17ಗೆ ತಂದೆ. ಸೆಟ್ಟು ಅದೇ, ಆಂಟೆನಾ ಅದೇ, ಪವರ್ ಅದೇ, ಸ್ಪೀಕರ್ ಇದ್ದ ಜಾಗವೂ ಅದೇ. ಪಿಟಿಟಿ ಒತ್ತಿದೆ. ಟಪ್. ಮಾತಾಡಿದೆ, ಬಿಟ್ಟೆ. ಟಪ್. ಎಂ17 ಕೂಡ ಡಿಎಂಆರ್ ತರಹ 4ಎಫ್‌ಎಸ್‌ಕೆ ಮಾಡ್ಯುಲೇಷನ್ನೇ (ನಾಲ್ಕು ಫ್ರೀಕ್ವೆನ್ಸಿಗಳ ನಡುವೆ ಜಿಗಿದು ಬಿಟ್ಟುಗಳನ್ನು ಕಳಿಸುವ ರೀತಿ), ಸೆಕೆಂಡಿಗೆ ಅದೇ 9600 ಬಿಟ್ ವೇಗವೇ, ಆದರೆ ಅಲೆ ನಡುವೆ ಕಡಿಯುವುದಿಲ್ಲ. ಈ ಒಂದು ವಿಷಯದಲ್ಲಿ ಡಿ-ಸ್ಟಾರ್, ಫ್ಯೂಷನ್ ಎರಡೂ ಎಂ17ರ ಕಡೆಯೇ. ಅವೂ ಸ್ಪೀಕರನ್ನು ಕೆಣಕುವುದಿಲ್ಲ.

ಹಾಗಾದರೆ ಆ ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬಹುದಿತ್ತಲ್ವಾ? ಇಲ್ಲಿ ಕೋಡೆಕ್ ಅಡ್ಡ ಬರುತ್ತದೆ.

ಡಿ-ಸ್ಟಾರ್ ಜಪಾನಿನ ಹ್ಯಾಮ್ ಸಂಘ ಜೆಎಆರ್‌ಎಲ್ ರೂಪಿಸಿದ್ದು. ಅದರ ವಿವರವೆಲ್ಲ ಪ್ರಕಟವಾಗಿದೆ. ಡಿಎಂಆರ್ ಪುಸ್ತಿಕೆಗಳನ್ನು ಇಟಿಎಸ್‌ಐ ಪುಕ್ಕಟೆ ಕೊಡುತ್ತದೆ. ಓದುತ್ತಾ ಹೋದರೆ ಸ್ಲಾಟ್, ಸಿಂಕ್, ತಪ್ಪು ತಿದ್ದುವ ಗಣಿತ ಎಲ್ಲ ಸಿಗುತ್ತದೆ. ಆದರೆ ದನಿಯನ್ನು ಬಿಟ್ಟುಗಳನ್ನಾಗಿ ಮಾಡುವ ಕೋಡೆಕ್ ಮಾತ್ರ ಇಟಿಎಸ್‌ಐ ಪುಸ್ತಿಕೆಯಲ್ಲಿ ಇಲ್ಲ. ತಯಾರಕರು ಸೇರಿ ಆರಿಸಿಕೊಂಡದ್ದು ಎಎಂಬಿಇ+2, ಅದು ಡಿವಿಎಸ್‌ಐ ಎಂಬ ಕಂಪನಿಯದು. ಡಿ-ಸ್ಟಾರ್‌ನಲ್ಲಿರುವುದು ಅದೇ ಕಂಪನಿಯ ಹಳೆಯ ಎಎಂಬಿಇ. ಯಾಸು ಕಂಪನಿ 2013ರ ಸುಮಾರಿಗೆ ತಂದ ಫ್ಯೂಷನ್‌ನಲ್ಲೂ ಅವರದ್ದೇ. ಮೂರು ಬೇರೆ ಬೇರೆ ಪದ್ಧತಿಗಳು, ದನಿಯ ಬೀಗದ ಕೈ ಒಬ್ಬರ ಹತ್ತಿರ.

ಇದರಿಂದ ದಿನದ ಬಳಕೆಗೆ ಏನು ತೊಂದರೆ ಅಂತ ಕೇಳಬಹುದು. ಹಾಟ್‌ಸ್ಪಾಟ್ ನೋಡಿ. ಅದರೊಳಗಿನ ಎಂಎಂಡಿವಿಎಂ ಬೋರ್ಡು ನಾಲ್ಕೂ ಪದ್ಧತಿಗಳನ್ನು ಆರಾಮಾಗಿ ದಾಟಿಸುತ್ತದೆ, ಏಕೆಂದರೆ ಅದು ಬರೀ ಅಂಚೆಯವನ ಕೆಲಸ ಮಾಡುತ್ತದೆ, ಲಕೋಟೆ ಒಡೆಯುವುದಿಲ್ಲ. ಡಿಎಂಆರ್‌ನಿಂದ ಫ್ಯೂಷನ್‌ನ ಡಿಎನ್ ಎಂಬ ಮೋಡ್‌ಗೆ ಸಾಫ್ಟ್‌ವೇರಿನಲ್ಲೇ ದಾಟಬಹುದು, ಎರಡರಲ್ಲೂ ಎಎಂಬಿಇ+2 ಇರುವುದರಿಂದ ಲಕೋಟೆ ಬದಲಿಸಿದರೆ ಆಯಿತು. ಆದರೆ ಡಿ-ಸ್ಟಾರ್‌ನಿಂದ ಡಿಎಂಆರ್‌ಗೆ ದಾಟಿಸಬೇಕಾದರೆ ಒಳಗಿನ ದನಿಯನ್ನೇ ಬಿಚ್ಚಿ ಮತ್ತೆ ಕಟ್ಟಬೇಕು. ಅದನ್ನು ಅಚ್ಚುಕಟ್ಟಾಗಿ ಮಾಡಬೇಕು ಅಂದರೆ ಡಿವಿಎಸ್‌ಐ ಚಿಪ್ ಇರುವ ಡಾಂಗಲ್ ಕೊಳ್ಳಬೇಕು.

ಡಿಎಂಆರ್ ಹ್ಯಾಂಡಿಗಳಿಗೆ ಹವ್ಯಾಸಿಗಳೇ ಬರೆದ ಓಪನ್‌ಜಿಡಿ77 ಎಂಬ ಸೊಗಸಾದ ಫರ್ಮ್‌ವೇರ್ ಇದೆ. ಮೆನು, ಕೀ, ಡಿಸ್‌ಪ್ಲೇ ಎಲ್ಲ ಹೊಸದು. ಅದನ್ನು ಹಾಕುವಾಗ ಏನು ಕೇಳುತ್ತದೆ ಗೊತ್ತಾ? ತಯಾರಕರ ಮೂಲ ಫರ್ಮ್‌ವೇರ್ ಫೈಲ್ ಎಲ್ಲಿದೆ ತೋರಿಸು ಅಂತ. ಕೋಡೆಕ್ ಭಾಗವನ್ನು ಅದರಿಂದಲೇ ಎತ್ತಿಕೊಳ್ಳಬೇಕು. ಆ ಡೈಲಾಗ್ ಬಾಕ್ಸ್ ನೋಡಿದ ದಿನವೇ ನಾನು ಎಂ17 ಕಡೆ ಅರ್ಧ ವಾಲಿದ್ದೆ.

ಎಂ17ರಲ್ಲಿ ಇರುವುದು ಕೋಡೆಕ್2. ಆಸ್ಟ್ರೇಲಿಯಾದ ಹ್ಯಾಮ್ ಡೇವಿಡ್ ರೋವ್ ಬರೆದದ್ದು, ಸೋರ್ಸ್ ಕೋಡ್ ಪೂರ್ತಿ ಹೊರಗಿದೆ. ಪೂರ್ತಿ ದನಿಗೆ ಸೆಕೆಂಡಿಗೆ 3200 ಬಿಟ್, ಡೇಟಾ ಬೇಕಾದರೆ ದನಿ 1600ಕ್ಕೆ ಇಳಿಯುತ್ತದೆ. ಕೇಳಲು ಹೇಗಿದೆ? ಸತ್ಯ ಹೇಳಬೇಕೆಂದರೆ, ಎಎಂಬಿಇ+2 ಸ್ವಲ್ಪ ದುಂಡಗೆ ಕೇಳುತ್ತದೆ, ಕೋಡೆಕ್2 ಒಣ ಒಣ. ಮೈಕ್ ಲೆವೆಲ್ ಸರಿ ಮಾಡಿಕೊಳ್ಳದಿದ್ದರೆ ಇನ್ನೂ ಕೆಟ್ಟದಾಗಿ ಕೇಳುತ್ತದೆ. ಹಿಂದೆ ಫ್ಯಾನ್ ತಿರುಗುತ್ತಿದ್ದರೆ ಎರಡೂ ಗೊಳಗೊಳ ಅನ್ನುತ್ತವೆ.

ಹ್ಯಾಮ್‌ನಲ್ಲಿ ಬೇರೆ ದೇಶದವರ ಜೊತೆ ಮಾತಾಡುವಾಗ ಅರ್ಥ ಮುಚ್ಚಿಡುವ ಹಾಗೆ ಕೋಡ್ ಮಾಡಬಾರದು ಅಂತ ಅಂತರರಾಷ್ಟ್ರೀಯ ರೇಡಿಯೋ ನಿಯಮವಿದೆ. ಎಎಂಬಿಇ ಆ ನಿಯಮ ಮುರಿಯುವುದಿಲ್ಲ, ಚಿಪ್ ಕೊಂಡವರು ಯಾರಾದರೂ ಕೇಳಬಹುದು. ಆದರೆ ಕೈಯಾರೆ ರೇಡಿಯೋ ಕಟ್ಟಿ ಕಲಿಯಲಿ ಅಂತ ಕೊಟ್ಟಿರುವ ಲೈಸೆನ್ಸ್ ಇದು. ಇದರಲ್ಲಿ ದನಿಯ ಭಾಗವನ್ನೇ ಕಟ್ಟಲಾಗದಿದ್ದರೆ ನನಗೆ ಸರಿ ಕಾಣುವುದಿಲ್ಲ.

ಉಳಿದದ್ದು ಚುಟುಕಾಗಿ. ಬಳಸಲು ಎಲ್ಲಕ್ಕಿಂತ ಸುಲಭ ಫ್ಯೂಷನ್. ಎದುರಿನವರು ಎಫ್‌ಎಂನಲ್ಲಿದ್ದಾರೋ ಡಿಜಿಟಲ್‌ನಲ್ಲಿದ್ದಾರೋ ಸೆಟ್ಟೇ ಗುರುತಿಸಿ ಬದಲಾಗುತ್ತದೆ. ಆದರೆ ಸೆಟ್ಟು ಬೇಕೆಂದರೆ ಒಂದೇ ಕಂಪನಿಯ ಕಡೆ ನೋಡಬೇಕು. ಡಿ-ಸ್ಟಾರ್‌ನಲ್ಲಿ ರಿಪೀಟರ್ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು) ಆದ ಮೇಲೆ ಖಾಲಿ ಜಾಗ ಎಣಿಸಿ, ರಿಪೀಟರಿನ ಯಾವ ಬ್ಯಾಂಡ್ ಅಂತ ಹೇಳುವ ಮಾಡ್ಯೂಲ್ ಅಕ್ಷರವನ್ನು ಸರಿಯಾಗಿ ಎಂಟನೇ ಮನೆಯಲ್ಲೇ ಕೂರಿಸಬೇಕು. ಡಿಎಂಆರ್‌ನಲ್ಲಿ ಕಾಲ್‌ಸೈನ್ ಬದಲು ಏಳಂಕಿಯ ನಂಬರ್ ಹೋಗುತ್ತದೆ. ಅದು ಯಾರದು ಅಂತ ತಿಳಿಯಲು ಪಟ್ಟಿಯನ್ನು ಸೆಟ್ಟಿಗೆ ತುಂಬಿಸಿಟ್ಟುಕೊಳ್ಳಬೇಕು. ಕಲರ್ ಕೋಡ್ (ರಿಪೀಟರಿನ ಗುರುತು ಸಂಖ್ಯೆ), ಸ್ಲಾಟ್, ಟಾಕ್‌ಗ್ರೂಪ್ (ಮಾತಿನ ಗುಂಪು) ಎಲ್ಲ ಸೇರಿಸಿ ಕೋಡ್‌ಪ್ಲಗ್ (ಸೆಟ್ಟಿಗೆ ತುಂಬಿಸುವ ಸೆಟ್ಟಿಂಗ್‌ಗಳ ಫೈಲ್) ಬರೆಯುವುದು ಬೇರೆಯೇ ತಲೆನೋವು. ಎಂ17ರಲ್ಲಿ ನನ್ನ ಕಾಲ್‌ಸೈನ್ ಬರೆದೆ, ಮುಗಿಯಿತು. ಒಂಬತ್ತು ಅಕ್ಷರದವರೆಗೆ ನೇರವಾಗಿ ಗಾಳಿಯಲ್ಲೇ ಹೋಗುತ್ತದೆ, ನೋಂದಣಿ ಇಲ್ಲ, ಪಟ್ಟಿ ಇಲ್ಲ.

ನಾನು ದಿನಾ ಮಾತಾಡುವುದು ನಾಲ್ಕೈದು ಗೆಳೆಯರ ಜೊತೆ. ಅವರೆಲ್ಲರೂ ಬೆಸುಗೆ ಹಿಡಿಯಲು ಹಿಂಜರಿಯದವರು. ಇನ್ನೊಂದು ದುಬಾರಿ ಸೆಟ್ಟು ಕೊಳ್ಳುವ ಮನಸ್ಸು ನನಗಿಲ್ಲ. ಹಾಗಾಗಿ ಎಂ17 ನನಗೆ ಸರಿಹೋಯಿತು. ನಿಮಗೆ ಹೊಸ ಹೊಸ ಜನ ಸಿಗಬೇಕು, ಸೆಟ್ಟು ಬಿಚ್ಚುವ ಆಸೆ ಇಲ್ಲ ಅಂದರೆ ಡಿಎಂಆರ್ ತೆಗೆದುಕೊಳ್ಳಿ, ಸ್ಪೀಕರಿನಿಂದ ದೂರ ಕೂತು ಮಾತಾಡಿ. ಬೆಸುಗೆಗೆ ಮುಂಚೆ ಒಂದು ವಿಷಯ ಗಮನದಲ್ಲಿರಲಿ: ಓಪನ್‌ಆರ್‌ಟಿಎಕ್ಸ್ ಹಾಕಿದ ಹ್ಯಾಂಡಿಯಲ್ಲಿ ಎಫ್‌ಎಂ ಮತ್ತು ಎಂ17 ಇರುತ್ತವೆ, ಡಿಎಂಆರ್ ಇರುವುದಿಲ್ಲ. ಬೇಕಾದಾಗ ಹಳೆಯ ಫರ್ಮ್‌ವೇರ್ ವಾಪಸ್ ಹಾಕಬಹುದು, ಅದಕ್ಕೆ ನಿಮ್ಮ ಕೋಡ್‌ಪ್ಲಗ್ ಮತ್ತು ಕ್ಯಾಲಿಬ್ರೇಷನ್ ಡೇಟಾ (ಆ ಸೆಟ್ಟಿಗೇ ಹೊಂದಿಸಿದ ಅಳತೆಗಳು) ಎರಡನ್ನೂ ಮೊದಲೇ ಬ್ಯಾಕಪ್ ತೆಗೆದಿಟ್ಟಿರಬೇಕು. ಕ್ಯಾಲಿಬ್ರೇಷನ್ ಪ್ರತಿ ಸೆಟ್ಟಿಗೂ ಬೇರೆ, ಗೆಳೆಯರ ಫೈಲ್ ತಂದು ಹಾಕಿದರೆ ಫ್ರೀಕ್ವೆನ್ಸಿಯೂ ಪವರ್ರೂ ಲೆಕ್ಕ ತಪ್ಪುತ್ತವೆ.