ಆರು ವರ್ಷ ಎಳೆದಾಡಿದ ಕ್ಯಾಬಿನ್ ಬ್ಯಾಗ್: ಗಾಲಿ, ಜಿಪ್ಪು, ಅಳತೆ ಮತ್ತು ಒಂದಿಷ್ಟು ರಾಜಕೀಯ

ಈ ಬ್ಯಾಗ್ ಕೊಂಡು ಆರು ವರ್ಷ ತುಂಬಿತು. ಕೆಲಸಕ್ಕಾಗಿ ತಿಂಗಳಿಗೆ ಮೂರು ನಾಲ್ಕು ಸಲ ವಿಮಾನ ಹತ್ತುತ್ತೇನೆ, ನಡುವೆ ರೈಲು, ಬಸ್ಸು ಬೇರೆ. ಕೊಂಡ ವಾರದಲ್ಲೇ ಬರೆದಿದ್ದರೆ ಬಣ್ಣ, ಒಳಜೇಬುಗಳ ಬಗ್ಗೆ ಬರೆಯುತ್ತಿದ್ದೆ. ಈಗ ಹೇಳಬೇಕಾದದ್ದು ಗಾಲಿ, ಹಿಡಿಕೆ, ಜಿಪ್ಪು, ಅಳತೆ. ಅಳತೆಗೆ ಬಂದಾಗ ರಾಜಕೀಯವೂ ಬರುತ್ತದೆ. ಅದನ್ನು ಬಿಟ್ಟು ಈ ಬ್ಯಾಗಿನ ಕಥೆ ಪೂರ್ತಿಯಾಗಲ್ಲ.

ದಪ್ಪ ನೈಲಾನ್ ಬಟ್ಟೆಯ, ಎರಡು ಗಾಲಿಯ ಬ್ಯಾಗ್ ಇದು. ಮುಂದೆ ಎರಡು ಜೇಬು. ಇದಕ್ಕೂ ಮೊದಲು ನನ್ನ ಹತ್ತಿರ ಇದ್ದದ್ದು ನಾಲ್ಕು ಗಾಲಿಯ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ನುಣುಪು ನೆಲದ ಮೇಲೆ ಬೆರಳಲ್ಲಿ ತಳ್ಳಿದರೂ ಓಡುತ್ತಿತ್ತು. ಆದರೆ ಬಸ್ಸು ತಿರುವು ತೆಗೆದುಕೊಂಡರೆ ತಾನೇ ಹೊರಟುಬಿಡುತ್ತಿತ್ತು, ಕಾಲಲ್ಲಿ ಹಿಡಿದು ನಿಲ್ಲಬೇಕಿತ್ತು. ಎರಡನೇ ವರ್ಷ ಒಂದು ಗಾಲಿ ಮುರಿಯಿತು. ಗಾಲಿಯನ್ನು ರಿವೆಟ್ ಹೊಡೆದು ಕೂರಿಸಿದ್ದರು, ಬಿಚ್ಚುವಂತಿರಲಿಲ್ಲ. ಕಂಪನಿಗೆ ಕೇಳಿದರೆ ಬಿಡಿ ಗಾಲಿ ಮಾರುವುದಿಲ್ಲ ಎಂದರು. ಅಂಗೈಯಲ್ಲಿ ಹಿಡಿಸುವ ಒಂದು ಗಾಲಿಗಾಗಿ ಇಡೀ ಪೆಟ್ಟಿಗೆ ಕಸಕ್ಕೆ ಹೋಯಿತು. ಆವತ್ತಿನ ಬೇಜಾರು ಇನ್ನೂ ಹೋಗಿಲ್ಲ.

ಹಾಗಾಗಿ ಈ ಸಲ ಅಂಗಡಿಯಲ್ಲಿ ಮೊದಲು ಬ್ಯಾಗನ್ನು ತಲೆಕೆಳಗು ಮಾಡಿ ನೋಡಿದೆ. ಗಾಲಿಗೆ ಸ್ಕ್ರೂ ಇತ್ತು, ಕೊಂಡೆ. ಆರು ವರ್ಷದಲ್ಲಿ ಎರಡು ಸಲ ಗಾಲಿ ಬದಲಿಸಿದ್ದೇನೆ. ಮನೆಯಲ್ಲೇ, ಅರ್ಧ ಗಂಟೆಯೊಳಗೆ. ಎರಡು ಗಾಲಿಯದರಲ್ಲಿ ಇನ್ನೊಂದು ಲಾಭವಿದೆ. ಗಾಲಿಗಳು ಮೂಲೆಯ ಒಳಗೇ ಅಡಗಿರುತ್ತವೆ. ನಾಲ್ಕು ಗಾಲಿಯದರಲ್ಲಿ ಅವು ಕೆಳಗೆ ಚಾಚಿಕೊಂಡು, ಬಟ್ಟೆ ಇಡಬೇಕಾದ ಎತ್ತರವನ್ನು ತಿನ್ನುತ್ತವೆ.

ಸೂಟ್‌ಕೇಸಿಗೆ ಗಾಲಿ ಬಂದದ್ದು ಇತ್ತೀಚೆಗೆ. ಬರ್ನಾರ್ಡ್ ಸ್ಯಾಡೋ ಅನ್ನುವವರಿಗೆ ಅಮೆರಿಕದಲ್ಲಿ ಅದರ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ಅಂದರೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮೂರು ವರ್ಷದ ನಂತರ! ಅದಕ್ಕೆ ನಾಲ್ಕು ಗಾಲಿ, ಎಳೆಯಲು ಒಂದು ಪಟ್ಟಿ. ನನ್ನ ಬ್ಯಾಗಿನ ರೂಪ ಕೊಟ್ಟವರು ವಿಮಾನದ ಪೈಲಟ್ ರಾಬರ್ಟ್ ಪ್ಲಾತ್. 1987ರ ಸುಮಾರಿಗೆ ಅವರು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡು ಗಾಲಿ ಕೂರಿಸಿ, ಉದ್ದಕ್ಕೆ ಎಳೆಯುವ ಹಿಡಿಕೆ ಹಾಕಿದರು. ಮೊದಲು ಕೊಂಡವರೂ ವಿಮಾನ ಸಿಬ್ಬಂದಿಯೇ. ದಿನಾ ಹೊರುವವರಿಗೇ ಹೊರೆಯ ಕಷ್ಟ ಗೊತ್ತಿರುವುದು, ಅಲ್ವಾ?

ಹಿಡಿಕೆ ಮೂರನೇ ವರ್ಷ ಸಿಕ್ಕಿಹಾಕಿಕೊಳ್ಳತೊಡಗಿತು. ಒಳಗೆ ಧೂಳು ಸೇರಿತ್ತು, ಒರೆಸಿದ ಮೇಲೆ ಸರಿಹೋಯಿತು. ಜಿಪ್ಪು ಇನ್ನೂ ಗಟ್ಟಿಯಾಗಿದೆ. ಆದರೆ ಬೀಗ ಹಾಕಿದ ಮಾತ್ರಕ್ಕೆ ಒಳಗಿನದು ಭದ್ರ ಅಂದುಕೊಳ್ಳಬೇಡಿ. ಸುರುಳಿ ಹಲ್ಲಿನ ಜಿಪ್ಪನ್ನು ಬಾಲ್ ಪೆನ್ನಿನ ತುದಿ ಚುಚ್ಚಿ ಬಿಚ್ಚಬಹುದು, ಓಡಿಸುವ ಗುಂಡಿ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಗುರುತೂ ಉಳಿಯಲ್ಲ. ಬ್ಯಾಗಿನ ದೊಡ್ಡ ಕೊರತೆ ತೂಕ. ಖಾಲಿ ಇದ್ದಾಗಲೇ ಹತ್ತಿರ ಹತ್ತಿರ ಮೂರು ಕೆಜಿ. ಎಷ್ಟೋ ವಿಮಾನಗಳಲ್ಲಿ ಕೈಚೀಲಕ್ಕೆ 7 ಕೆಜಿ ಮಿತಿ. ಲ್ಯಾಪ್‌ಟಾಪ್, ಚಾರ್ಜರ್ ಇಟ್ಟ ಮೇಲೆ ಎರಡು ದಿನದ ಬಟ್ಟೆಗೇ ಜಾಗ ಉಳಿಯುತ್ತದೆ.

ಇನ್ನು ಅಳತೆ. ಚೀಟಿಯ ಮೇಲೆ 55 ಸೆಂಟಿಮೀಟರ್ ಎಂದಿತ್ತು. ಮನೆಗೆ ತಂದು ಟೇಪ್ ಹಿಡಿದರೆ 57. ಗಾಲಿಯನ್ನು, ಮೇಲಿನ ಹಿಡಿಕೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗೇಟಿನಲ್ಲಿರುವ ಲೋಹದ ಚೌಕಟ್ಟು ಮಾತ್ರ ಅವನ್ನೂ ಸೇರಿಸಿಯೇ ಅಳೆಯುತ್ತದೆ. ಒಮ್ಮೆ ಬೆಳಿಗ್ಗೆ ಒಂದು ವಿಮಾನದಲ್ಲಿ ಯಾರೂ ಮಾತಾಡದೆ ಬಿಟ್ಟ ಬ್ಯಾಗನ್ನು ಸಂಜೆ ಇನ್ನೊಂದು ಕಂಪನಿಯವರು ಗೇಟಿನಲ್ಲೇ ತಡೆದರು, ಹಣ ಕಟ್ಟಿದೆ. ನನ್ನ ಪಕ್ಕ ಮಗುವನ್ನು ಎತ್ತಿಕೊಂಡ ತಾಯಿಯೊಬ್ಬರು ಚೀಲ ಬಿಚ್ಚಿ, ಸ್ವೆಟರುಗಳನ್ನು ಒಂದರ ಮೇಲೊಂದು ಹಾಕಿಕೊಳ್ಳುತ್ತಿದ್ದರು. ನಾನು ಕಟ್ಟಿದ ಹಣವನ್ನು ಕಚೇರಿ ವಾಪಸ್ ಕೊಡುತ್ತದೆ. ಅವರಿಗೆ ಯಾರು ಕೊಡುತ್ತಾರೆ?

ವಿಮಾನ ಕಂಪನಿಗಳ ಜಾಗತಿಕ ಸಂಘ ಐಯಾಟಾ 56, 45, 25 ಸೆಂಟಿಮೀಟರ್ ಎಂಬ ಅಳತೆಯನ್ನು ಮಾರ್ಗದರ್ಶಿಯಾಗಿ ಕೊಡುತ್ತದೆ. ಅದನ್ನು ಪಾಲಿಸಲೇಬೇಕೆಂದಿಲ್ಲ, ಪ್ರತಿ ಕಂಪನಿಗೂ ತನ್ನದೇ ಚೌಕಟ್ಟು. 2015ರಲ್ಲಿ ಅದೇ ಸಂಘ ಇನ್ನೂ ಚಿಕ್ಕ ಅಳತೆಯೊಂದನ್ನು ಮುಂದಿಟ್ಟಿತು. ಪ್ರಯಾಣಿಕರು ಸಿಟ್ಟಾದರು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಅದಕ್ಕೂ ಹಿಂದಿನ ವರ್ಷ, 2014ರಲ್ಲಿ, ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಒಂದು ಒಳ್ಳೆಯ ಮಾತು ಹೇಳಿತ್ತು. ಕೈಚೀಲ ಪ್ರಯಾಣದ ಅಗತ್ಯ ಭಾಗ, ತೂಕ ಮತ್ತು ಅಳತೆ ಸಮಂಜಸವಾಗಿದ್ದರೆ ಅದಕ್ಕೆ ಬೇರೆ ಹಣ ಕೇಳಬಾರದು ಎಂದು. ಸಮಂಜಸ ಅಂದರೆ ಎಷ್ಟು ಸೆಂಟಿಮೀಟರ್? ಅದನ್ನು ಹೇಳಲಿಲ್ಲ. ಆ ಖಾಲಿ ಜಾಗವನ್ನು ಕಂಪನಿಗಳು ತಮಗೆ ಬೇಕಾದ ಸಂಖ್ಯೆಗಳಿಂದ ತುಂಬಿಕೊಂಡವು.

ನನ್ನ ಅಭಿಪ್ರಾಯ ನೇರವಾಗಿದೆ. ಹಣ ವಸೂಲಿ ಮಾಡುವವರ ಕೈಗೇ ಅಳತೆಗೋಲು ಕೊಡಬಾರದು. ಗಾಲಿ, ಹಿಡಿಕೆ ಎಲ್ಲ ಸೇರಿಸಿ ಒಂದೇ ಅಳತೆ ಕಾನೂನಿನಲ್ಲಿ ಬರಬೇಕು. ಬ್ಯಾಗ್ ಮಾರುವವರು ಚೀಟಿಯ ಮೇಲೆ ಅದನ್ನೇ ಮುದ್ರಿಸಬೇಕು. ಇದರ ಮೇಲಿನ ಸಿಟ್ಟನ್ನು ಗೇಟಿನಲ್ಲಿ ನಿಂತ ಹುಡುಗ ಹುಡುಗಿಯರ ಮೇಲೆ ತೋರಿಸುವುದು ತಪ್ಪು. ನಿಯಮ ಬರೆದವರು ಅವರಲ್ಲ, ಬೈಗುಳ ಮಾತ್ರ ಅವರಿಗೆ.

ಎಲ್ಲ ಮಿತಿಯೂ ಕೆಟ್ಟದ್ದಲ್ಲ. ಚೆಕ್-ಇನ್ ಮಾಡುವ ಒಂದು ಪೆಟ್ಟಿಗೆ ಸಾಮಾನ್ಯವಾಗಿ 32 ಕೆಜಿ ಮೀರುವಂತಿಲ್ಲ, ಜಾಸ್ತಿ ಹಣ ಕೊಟ್ಟರೂ ಆಗಲ್ಲ. ಅದು ಸಾಮಾನು ಎತ್ತುವ ಕೆಲಸಗಾರರ ಬೆನ್ನು ಉಳಿಸಲು ಇರುವ ನಿಯಮ. ವಿಮಾನದ ಹೊಟ್ಟೆಯೊಳಗೆ ಬಗ್ಗಿ, ಮೊಣಕಾಲೂರಿ ಅವರು ಅವನ್ನು ಜೋಡಿಸುತ್ತಾರೆ. ಈ ಮಿತಿಯ ಬಗ್ಗೆ ಯಾರಾದರೂ ಗೊಣಗಿದರೆ ನಾನು ಸುಮ್ನೆ ಇರಲ್ಲ, ಕಾರಣ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ಒಂದು ಹೊರದೇಶದ ಪ್ರಯಾಣದಲ್ಲಿ ಮೇಲಿನ ಗೂಡುಗಳು ತುಂಬಿವೆ ಎಂದು ಗೇಟಿನಲ್ಲೇ ಬ್ಯಾಗ್ ತೆಗೆದುಕೊಂಡರು. ಪವರ್ ಬ್ಯಾಂಕ್ ಮುಂದಿನ ಜೇಬಿನಲ್ಲಿತ್ತು, ತಕ್ಷಣ ತೆಗೆದುಕೊಂಡೆ. ಬಿಡಿ ಲಿಥಿಯಂ ಬ್ಯಾಟರಿ ಕೆಳಗಿನ ಸಾಮಾನಿನ ಜೊತೆ ಹೋಗಬಾರದು. ಅಲ್ಲಿ ಬೆಂಕಿ ಹತ್ತಿದರೆ ಕೈಯಿಟ್ಟು ಆರಿಸುವವರಿಲ್ಲ. ಈ ಜೇಬು ನನಗೆ ಇಷ್ಟವಾಗಲು ಇದೂ ಒಂದು ಕಾರಣ. ಇಳಿದು ನೋಡಿದರೆ ಗಾಲಿಯ ಗೂಡು ಒಡೆದಿತ್ತು. ಕೌಂಟರಿನಲ್ಲಿ 'ಗಾಲಿಗೆ ಪರಿಹಾರ ಇಲ್ಲ' ಎಂದರು.

ಇದೆ. 1999ರ ಮಾಂಟ್ರಿಯಲ್ ಒಪ್ಪಂದದ 17ನೇ ವಿಧಿ, ಕಂಪನಿಯ ವಶದಲ್ಲಿದ್ದಾಗ ಚೆಕ್-ಇನ್ ಸಾಮಾನಿಗೆ ಆದ ಹಾನಿಗೆ ಅದನ್ನೇ ಹೊಣೆ ಮಾಡುತ್ತದೆ. ಸಾಮಾನಿನಲ್ಲೇ ಇದ್ದ ದೋಷಕ್ಕೆ ಮಾತ್ರ ವಿನಾಯಿತಿ. ಹಾನಿಯಾದರೆ 7 ದಿನದೊಳಗೆ, ತಡವಾಗಿ ಕೈಗೆ ಬಂದರೆ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ನಾನು ಅಲ್ಲಿಂದ ಹೊರಡುವ ಮೊದಲೇ ದೂರಿನ ಫಾರ್ಮ್ ತುಂಬಿ ಫೋಟೊ ತೆಗೆದೆ. ಮನೆಗೆ ಬಂದು ವಿಧಿಯ ಸಂಖ್ಯೆ ಹಾಕಿ ಪತ್ರ ಬರೆದೆ. ರಿಪೇರಿ ಖರ್ಚು ಬಂತು. ಎದುರು ಕೂತವರ ಒಳ್ಳೆಯತನದಿಂದ ಬಂದ ಹಣ ಅಲ್ಲ ಅದು. ಹಲವು ದೇಶಗಳು ಕೂತು ಬರೆದು, ಸಹಿ ಹಾಕಿದ ನಿಯಮದಿಂದ ಬಂದದ್ದು. ಮಾರುಕಟ್ಟೆ ತಾನೇ ಎಲ್ಲ ಸರಿಮಾಡುತ್ತದೆ ಎಂದು ಯಾರಾದರೂ ಹೇಳಿದಾಗ ನನಗೆ ಆ ಕೌಂಟರ್ ನೆನಪಾಗುತ್ತದೆ.

ರಿಪೇರಿಗೂ ಇಂಥದೇ ಕಾನೂನು ಬೇಕು. ಯುರೋಪಿಯನ್ ಒಕ್ಕೂಟ 2024ರಲ್ಲಿ ಒಂದು ಮಾಡಿದೆ. ವಾಷಿಂಗ್ ಮಷೀನ್, ಫ್ರಿಜ್, ಮೊಬೈಲ್ ಫೋನು ಅದರ ಪಟ್ಟಿಯಲ್ಲಿವೆ, ಸೂಟ್‌ಕೇಸ್ ಇಲ್ಲ. ಸೇರಿಸಬೇಕು.

ಮತ್ತೆ ಇದೇ ಬ್ಯಾಗ್ ಕೊಳ್ಳುತ್ತೇನಾ? ಇನ್ನೊಂದು ಕೆಜಿ ಹಗುರ ಮಾಡಿದರೆ ಖಂಡಿತ. ಈಗ ಒಳಗಿನ ಅಸ್ತರು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿದೆ. ಮುಂದಿನ ಸೋಮವಾರ ಮತ್ತೆ ಪ್ರಯಾಣವಿದೆ, ಭಾನುವಾರ ಕೂತು ಹೊಲಿಯುತ್ತೇನೆ.